ಅಭಿಮಾನಿಯ ಕಿವಿ: ಮೈಸೂರು ಅರಮನೆಯಿಂದ ಗಾಥಿಕ್ ಮೆಟಲ್‌ವರೆಗೆ



ನಮ್ಮ ಮನೆಗಳಲ್ಲಿ ಸಂಗೀತದ ವಿಷಯಕ್ಕೆ ಜಗಳವಾಗುವುದು ಸಾಮಾನ್ಯವಾಗಿ ಕಾರಿನಲ್ಲಿ. ಕಲ್ವರ್ ಸಿಟಿಯಿಂದ ಸ್ಯಾನ್ ಡಿಯೇಗೋಗೆ ಹೊರಟರೆ ಮೊದಲು 405, ಆಮೇಲೆ 5. ಟ್ರಾಫಿಕ್ ಇಲ್ಲದಿದ್ದರೆ ಎರಡು ಗಂಟೆ, ಇದ್ದರೆ ದೇವರೇ ಗತಿ. ಅಷ್ಟು ಹೊತ್ತಿನಲ್ಲಿ ಅಪ್ಪನ ಭೀಮಸೇನ ಜೋಶಿ, ಅಮ್ಮನ ಪಿ.ಬಿ. ಶ್ರೀನಿವಾಸ್, ಹಿಂದಿನ ಸೀಟಿನ ಮಗಳ ‘ನೈಟ್‌ವಿಶ್’ ಮೂವರಿಗೂ ಸರದಿ ಸಿಗಬೇಕು. ಮಗಳ ಸರದಿ ಬಂದಾಗ ಅಪ್ಪಂದಿರು ಕೇಳುವ ಪ್ರಶ್ನೆ ಎಲ್ಲ ಮನೆಗಳಲ್ಲೂ ಒಂದೇ: “ಇದೂ ಒಂದು ಸಂಗೀತವೇ?” ಮಕ್ಕಳ ಉತ್ತರವೂ ಬಹುತೇಕ ಒಂದೇ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುವುದು!

ಅಪ್ಪನ ಆಕ್ಷೇಪಣೆಯಲ್ಲಿ ಎರಡು ಭಾಗಗಳಿವೆ. ಒಂದು, ಇದು ಬರೀ ಗದ್ದಲ. ಇನ್ನೊಂದು, ಇವತ್ತು ಇದು, ನಾಳೆ ಅದು ಎಂದು ಸಿಕ್ಕಿದ್ದನ್ನೆಲ್ಲ ಕೇಳುವವರಿಗೆ ಯಾವುದೂ ಆಳವಾಗಿ ದಕ್ಕುವುದಿಲ್ಲ. ಎರಡನೆಯದು ಸ್ವಲ್ಪ ಗಂಭೀರವಾದ ಆಕ್ಷೇಪಣೆ, ಹಾಗಾಗಿ ಇತಿಹಾಸದ ಸಹಾಯ ಪಡೆದು ಉತ್ತರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ಸಾಕ್ಷಿಗೆ ಕರೆಯುತ್ತಿರುವುದು ಸಾಮಾನ್ಯರನ್ನಲ್ಲ, ಮೈಸೂರಿನ ಮಹಾರಾಜರನ್ನು. ಆದರೆ ಅವರ ಹತ್ತಿರ ಹೋಗುವ ಮುಂಚೆ ಮಗಳ ಸಂಗೀತವನ್ನೇ ಒಂದಿಷ್ಟು ಕೇಳೋಣ.

ಆರ್ಭಟ ಮತ್ತು ಏರುದನಿ

‘ಗಾಥಿಕ್ ಮೆಟಲ್’ ಎಂಬ ಜೋಡಿ ಪದದಲ್ಲಿ ‘ಮೆಟಲ್’ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಅಲ್ಲಿ ಟೋನಿ ಅಯೋಮಿ ಎಂಬ ಹದಿಹರೆಯದ ಹುಡುಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಅವನು ಎಡಚ, ಗಿಟಾರಿನ ತಂತಿ ಒತ್ತುವ ಕೈಯೇ ಅದು. ಇನ್ನು ಗಿಟಾರು ಮುಗಿಯಿತು ಎಂದು ಕುಳಿತಿದ್ದವನಿಗೆ ಕಾರ್ಖಾನೆಯ ಹಿರಿಯರೊಬ್ಬರು ಒಂದು ರೆಕಾರ್ಡು ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಮೇಲೂ ಹೆಚ್ಚಾಗಿ ಎರಡೇ ಬೆರಳುಗಳಲ್ಲಿ ಅದ್ಭುತವಾಗಿ ನುಡಿಸುತ್ತಿದ್ದ ಜಾಂಗೋ ರೈನ್‌ಹಾರ್ಟ್ ಎಂಬ ಜಾಸ್ ವಾದಕನ ರೆಕಾರ್ಡು. ಅಯೋಮಿ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಅವನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ರೆಕಾರ್ಡು ಬಂತು. ಹೆವಿ ಮೆಟಲ್‌ನ ಆ ಭಾರದ ಹಿಂದೆ ಒಬ್ಬ ಕಾರ್ಮಿಕನ ಗಾಯವೂ ಇದೆ, ಒಂದು ಜಾಸ್ ರೆಕಾರ್ಡೂ ಇದೆ!

‘ಗಾಥಿಕ್’ ಭಾಗ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಇಂಗ್ಲೆಂಡಿನಲ್ಲಿ ‘ಬೌಹೌಸ್’ನಂಥ ತಂಡಗಳು ಹಳೆಯ ದೆವ್ವದ ಸಿನಿಮಾಗಳ ಕತ್ತಲೆಯನ್ನು, ಸಾವು ಮತ್ತು ವಿಷಾದವನ್ನು ಹಾಡಿಗೆ ತಂದವು. ಹತ್ತು ವರ್ಷ ಕಳೆದ ಮೇಲೆ ಎರಡೂ ಹೊಳೆ ಕೂಡಿದವು. 1991ರಲ್ಲಿ ಇಂಗ್ಲೆಂಡಿನ ‘ಪ್ಯಾರಡೈಸ್ ಲಾಸ್ಟ್’ ತಂಡ ‘ಗಾಥಿಕ್’ ಎಂಬ ಹೆಸರಿನ ಆಲ್ಬಮ್ ತಂದಿತು. ಅದರಲ್ಲಿ ಗಂಡಸಿನ ಗುಡುಗುದನಿಯ ಪಕ್ಕದಲ್ಲಿ ಒಂದು ಹೆಣ್ಣುದನಿಯೂ ಕೇಳಿಸಿತು. 1995ರಲ್ಲಿ ನಾರ್ವೆಯ ‘ಥಿಯೇಟರ್ ಆಫ್ ಟ್ರ್ಯಾಜೆಡಿ’ ತಂಡದ ಮೊದಲ ಆಲ್ಬಮ್‌ನಲ್ಲಿ ಲಿವ್ ಕ್ರಿಸ್ಟೀನ್ ಹಾಡಿದಾಗ ಆ ಹೆಣ್ಣುದನಿ ಸಹಾಯಕ್ಕೆ ಬಂದ ನೆಂಟಳಾಗಿ ಉಳಿಯಲಿಲ್ಲ, ಮನೆಯೊಡತಿಯೇ ಆಯಿತು.

ಕರಾವಳಿಯ ಮಿತ್ರರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಯಕ್ಷಗಾನದಲ್ಲಿ ಬಣ್ಣದ ವೇಷ ಆರ್ಭಟಿಸುತ್ತಾ ರಂಗಕ್ಕೆ ಬರುತ್ತದೆ, ಚೆಂಡೆಯ ಪೆಟ್ಟು ಎದೆ ನಡುಗಿಸುತ್ತದೆ, ಆ ಗದ್ದಲದ ಮೇಲೆಯೇ ಭಾಗವತರ ಏರುದನಿ ತೇಲಿ ಬರುತ್ತದೆ. ಗದ್ದಲವಿಲ್ಲದಿದ್ದರೆ ಆ ಏರುದನಿಗೆ ಅಷ್ಟು ಬೆಲೆ ಇರುತ್ತಿರಲಿಲ್ಲ. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ದಶಕಗಳ ಕಾಲ ಭಾಗವತಿಕೆ ಮಾಡಿ 2024ರಲ್ಲಿ ತೀರಿಕೊಂಡ ಕಾಸರಗೋಡು ಸೀಮೆಯ ಲೀಲಾವತಿ ಬೈಪಾಡಿತ್ತಾಯರನ್ನು ಕೇಳಿದವರಿಗೆ, ಚೆಂಡೆಯ ಎದುರು ಹೆಣ್ಣುದನಿ ನಿಂತರೆ ಹೇಗಿರುತ್ತದೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಈ ದಾರಿಯಲ್ಲಿ ಆಮೇಲೆ ಬಂದವರ ಪಟ್ಟಿ ಯಾವ ಅಭಿಮಾನಿಗೂ ಬಾಯಿಪಾಠ. ಹಾಲೆಂಡಿನ ಅನೆಕೆ ಫಾನ್ ಗೀರ್ಸ್‌ಬರ್ಗನ್, ಶರೋನ್ ಡೆನ್ ಆಡೆಲ್, ಇಟಲಿಯ ಕ್ರಿಸ್ಟಿನಾ ಸ್ಕಾಬಿಯಾ, ನಾರ್ವೆಯ ವಿಬೆಕೆ ಸ್ಟೇನೆ. ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವರು ಫಿನ್‌ಲ್ಯಾಂಡಿನ ತಾರ್ಯಾ ತುರುನೆನ್. ಅವರದು ಆಪೆರಾ ಶಿಕ್ಷಣ. 1996ರಲ್ಲಿ ಕಿಟೇ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ‘ನೈಟ್‌ವಿಶ್’ ತಂಡಕ್ಕೆ ಆ ಆಪೆರಾ ಕಂಠವನ್ನೇ ತಂದರು. ಸಂಪ್ರದಾಯಸ್ಥರು ಎರಡೂ ಕಡೆ ಮೂಗು ಮುರಿದರು. ಮೆಟಲ್‌ನವರಿಗೆ ಅದು ತೀರಾ ನಯ, ಆಪೆರಾದವರಿಗೆ ತೀರಾ ಒರಟು.

ಆದರೆ ಹಾಲೆಂಡಿನಲ್ಲಿ ಸಿಮೋನ್ ಸಿಮೋನ್ಸ್ ಎಂಬ ಹದಿನೈದರ ಹುಡುಗಿ ನೈಟ್‌ವಿಶ್‌ನ 1998ರ ‘ಓಶನ್‌ಬಾರ್ನ್’ ಆಲ್ಬಮ್ ಕೇಳಿ ಏನು ಮಾಡಿದಳು ಗೊತ್ತೇ? ಹೋಗಿ ಶಾಸ್ತ್ರೀಯ ಗಾಯನದ ಪಾಠಕ್ಕೆ ಸೇರಿಕೊಂಡಳು! ಮುಂದೆ ‘ಎಪಿಕಾ’ ತಂಡದ ಗಾಯಕಿಯಾದಳು. ಗದ್ದಲದ ಸಂಗೀತ ಮಗುವನ್ನು ಶಾಸ್ತ್ರೀಯ ಸಂಗೀತದಿಂದ ದೂರ ಒಯ್ಯುತ್ತದೆ ಎನ್ನುವವರು ಈ ಉದಾಹರಣೆಯನ್ನು ಸ್ವಲ್ಪ ಗಮನಿಸಬೇಕು.

ನಮ್ಮ ಊರಿನ ಪಾಲು

ಇದೆಲ್ಲ ಯುರೋಪಿನ ಕತೆ, ನಮ್ಮ ಬಿಸಿಲೂರಿಗೂ ಕತ್ತಲೆಯ ಸಂಗೀತಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಸಾಕಷ್ಟಿದೆ. ಲಾಸ್ ಏಂಜಲಿಸ್‌ನಲ್ಲಿ 1979ರಲ್ಲಿ ರಾಜ್ ವಿಲಿಯಮ್ಸ್ ಎಂಬ ಹುಡುಗ ಕಟ್ಟಿದ ‘ಕ್ರಿಶ್ಚಿಯನ್ ಡೆತ್’ ತಂಡ 1982ರಲ್ಲಿ ತಂದ ಆಲ್ಬಮ್‌ನಿಂದ ಇಲ್ಲಿಯದೇ ಆದ ‘ಡೆತ್‌ರಾಕ್’ ಪಂಥಕ್ಕೆ ಹೆಸರು ಬಂತು. ‘ಇವಾನೆಸೆನ್ಸ್’ ತಂಡದ ಏಮಿ ಲೀ ಹುಟ್ಟಿದ್ದು ಪಕ್ಕದ ರಿವರ್‌ಸೈಡ್‌ನಲ್ಲಿ. 2003ರಲ್ಲಿ ಬಂದ ಅವರ ‘ಫಾಲನ್’ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಮುಂದಿನ ಆಲ್ಬಮ್‌ನಲ್ಲಿ ಅವರು ಮೊಜಾರ್ಟನ ‘ರೆಕ್ವಿಯಮ್’ನ ಒಂದು ಭಾಗವನ್ನೇ ತೆಗೆದುಕೊಂಡು ತಮ್ಮ ಹಾಡಿಗೆ ತಳಪಾಯ ಮಾಡಿದರು.

ಇನ್ನು ಸ್ಯಾನ್ ಡಿಯೇಗೋದ ಡಯಾಮಂಡಾ ಗಲಾಸ್. 1955ರಲ್ಲಿ ಗ್ರೀಕ್ ಮೂಲದ ಮನೆಯಲ್ಲಿ ಹುಟ್ಟಿದವರು. ತಂದೆಯೇ ಪಿಯಾನೋ ಗುರು, ಅವರು ನಡೆಸುತ್ತಿದ್ದ ಗಾಸ್ಪೆಲ್ ಗಾನವೃಂದಕ್ಕೆ ಮಗಳದೇ ಪಕ್ಕವಾದ್ಯ. ಹದಿನಾಲ್ಕನೆಯ ವಯಸ್ಸಿನಲ್ಲಿ ಸ್ಯಾನ್ ಡಿಯೇಗೋ ಸಿಂಫನಿಯ ಜೊತೆ ಬೀಥೋವನ್ ನುಡಿಸಿದ ಹುಡುಗಿ, ಆಮೇಲೆ ಆಪೆರಾ ಕಂಠವನ್ನು ಸಾಧಿಸಿ, ಅದೇ ಕಂಠದಿಂದ ಕೂಗು, ಗೋಳು, ಶಾಪ ಎಲ್ಲವನ್ನೂ ಹೊರಡಿಸಿದರು. 1986ರಲ್ಲಿ ಅವರ ಸಹೋದರ ಏಡ್ಸ್‌ಗೆ ಬಲಿಯಾದರು. ರೋಗಿಗಳನ್ನು ಪಾಪಿಗಳೆಂದು ಸಮಾಜ ಬೆರಳು ತೋರಿಸುತ್ತಿದ್ದ ಕಾಲ ಅದು. ನ್ಯೂಯಾರ್ಕಿನ ದೊಡ್ಡ ಕೆಥೀಡ್ರಲ್‌ನಲ್ಲಿ ಹಾಡಿ 1991ರಲ್ಲಿ ರೆಕಾರ್ಡಾಗಿ ಬಂದ ಅವರ ‘ಪ್ಲೇಗ್ ಮಾಸ್’ ಆ ಸತ್ತವರ ಪರವಾಗಿ ಎತ್ತಿದ ದನಿ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆ ಹೆಂಗಸರು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಇದನ್ನು ‘ಕಿರುಚಾಟ’ ಎನ್ನಲು ಮನಸ್ಸು ಬರುವುದಿಲ್ಲ.

ಕಲ್ವರ್ ಸಿಟಿಗೆ ಬರೋಣ. ಇಂದು ಸೋನಿ ಸ್ಟುಡಿಯೋ ಇರುವ ಜಾಗ 1924ರಿಂದ ದಶಕಗಳ ಕಾಲ ಎಂ.ಜಿ.ಎಂ. ಸ್ಟುಡಿಯೋ ಆಗಿತ್ತು. ಮೂವತ್ತು, ನಲವತ್ತರ ದಶಕಗಳಲ್ಲಿ ಅಲ್ಲಿ ನಡೆದದ್ದೇನು? ಆಪೆರಾ ಕಂಠವನ್ನು ಜನಸಾಮಾನ್ಯರ ಮನೆಗೆ ತಲುಪಿಸುವ ಕೆಲಸ! 1936ರ ‘ಸ್ಯಾನ್ ಫ್ರಾನ್ಸಿಸ್ಕೋ’ ಚಿತ್ರದಲ್ಲಿ ಜೆನೆಟ್ ಮೆಕ್‌ಡೊನಾಲ್ಡ್ ಪಾತ್ರ ಒಂದು ಹೊತ್ತು ಜೂಜುಕಟ್ಟೆಯ ಹಾಡು, ಇನ್ನೊಂದು ಹೊತ್ತು ಆಪೆರಾ ಹಾಡುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ದೈತ್ಯ ಗಾಯಕ ಲಾರಿಟ್ಸ್ ಮೆಲ್ಕಿಯೋರ್ 1945ರಿಂದ ಇಲ್ಲಿನ ಹಗುರ ಹಾಸ್ಯಚಿತ್ರಗಳಲ್ಲಿ ಕಾಣಿಸಿಕೊಂಡರು. 1951ರಲ್ಲಿ ಮಾರಿಯೋ ಲಾಂಜಾ ನಟಿಸಿದ ‘ದಿ ಗ್ರೇಟ್ ಕರೂಸೋ’ ಬಂತು. ಸ್ಪೇನಿನ ಹೊಸೆ ಕರೆರಾಸ್ ಅದನ್ನು ಹುಡುಗನಾಗಿದ್ದಾಗ ನೋಡಿಯೇ ಗಾಯಕನಾಗುವ ಆಸೆ ಹಚ್ಚಿಕೊಂಡರಂತೆ. ಆಪೆರಾವನ್ನು ಕೆಡಿಸಿದರು ಎಂಬ ಮಾತು ಆಗಲೂ ಇತ್ತು. ಕೆಡಿಸಿದ್ದರಿಂದಲೇ ಹುಟ್ಟಿದ ಗಾಯಕರೂ ಇದ್ದರು.

ನಮ್ಮ ಊರಿಗೆ ಹತ್ತಿರದ ಸಾಂಟಾ ಮೋನಿಕಾದ ಕೆ.ಸಿ.ಆರ್.ಡಬ್ಲ್ಯು. ರೇಡಿಯೋದಲ್ಲಿ ಎಪ್ಪತ್ತರ ದಶಕದ ಕೊನೆಯಿಂದ ಬರುತ್ತಿರುವ ಬೆಳಗಿನ ಕಾರ್ಯಕ್ರಮದ ಹೆಸರೇ ‘ಮಾರ್ನಿಂಗ್ ಬಿಕಮ್ಸ್ ಇಕ್ಲೆಕ್ಟಿಕ್’. ಯೂಜೀನ್ ಓನೀಲ್‌ನ ನಾಟಕದ ಹೆಸರನ್ನು ತಿರುಚಿ ಇಟ್ಟದ್ದು. ‘ಇಕ್ಲೆಕ್ಟಿಕ್’ ಎಂದರೆ ಒಂದೇ ಪಂಥಕ್ಕೆ ಕಟ್ಟುಬೀಳದೆ ಹಲವು ಕಡೆಯಿಂದ ಆರಿಸಿಕೊಳ್ಳುವುದು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕುವ ಬದಲು ಇದನ್ನು ಬದುಕಿ ತೋರಿಸಿದ ಕನ್ನಡ ನಾಡಿನ ಒಬ್ಬರನ್ನು ನೋಡುವುದು ಒಳ್ಳೆಯದು.

ನಾರ್ವೆಯ ಕಂಠ, ಮೈಸೂರಿನ ಹಣ

ಲಿವ್ ಕ್ರಿಸ್ಟೀನ್‌ಗಿಂತ ಬಹಳ ಮೊದಲೇ ನಾರ್ವೆಯಿಂದ ಇನ್ನೊಬ್ಬ ಗಾಯಕಿ ಲೋಕವನ್ನು ಗೆದ್ದಿದ್ದರು. ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, 1895ರಲ್ಲಿ ಹುಟ್ಟಿದವರು. ದೊಡ್ಡ ವಾದ್ಯವೃಂದದ ಗರ್ಜನೆಯ ಮೇಲೆ, ಮೈಕಿಲ್ಲದೆ, ದನಿ ತೇಲಿಸಬಲ್ಲವರು. ನ್ಯೂಯಾರ್ಕಿನಲ್ಲಿ ಮೇಲೆ ಹೇಳಿದ ಮೆಲ್ಕಿಯೋರ್‌ಗೆ ಜೋಡಿಯಾಗಿ ಹಾಡುತ್ತಿದ್ದವರು ಇವರೇ. ‘ದಿ ಬಿಗ್ ಬ್ರಾಡ್‌ಕಾಸ್ಟ್ ಆಫ್ 1938’ ಎಂಬ ಹಾಲಿವುಡ್ ಹಾಸ್ಯಚಿತ್ರದಲ್ಲಿ ಈಟಿ ಹಿಡಿದು, ಶಿರಸ್ತ್ರಾಣ ತೊಟ್ಟು ವಾಗ್ನರ್‌ನ ಯುದ್ಧಘೋಷ ಹಾಡುತ್ತಾರೆ. ಇಂದಿನ ಯಾವ ಮೆಟಲ್ ವಿಡಿಯೋಗೂ ಅದು ಅಜ್ಜಿಯಂತಿದೆ!

ಜರ್ಮನಿಯ ಮಹಾನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್ ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ಸಾವನ್ನು ಸಮಾಧಾನದಿಂದ ಎದುರುಗೊಳ್ಳುವ ನಾಲ್ಕು ಹಾಡುಗಳನ್ನು ಬರೆದರು. ಅವನ್ನು ಫ್ಲಾಗ್‌ಸ್ಟಾಡ್ ಹಾಡಬೇಕೆಂಬುದು ಅವರ ಆಸೆ. ಕೇಳುವ ಮೊದಲೇ, 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಕೊನೆಗೆ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ‘ನಾಲ್ಕು ಕೊನೆಯ ಹಾಡುಗಳು’ ಎಂದು ಇಂದು ಲೋಕಪ್ರಸಿದ್ಧವಾದ ಕೃತಿ ಅದು.

ಆ ಕಛೇರಿಗೆ, ಅದರ ರೆಕಾರ್ಡಿಂಗಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಯಾರು? ಜಯಚಾಮರಾಜೇಂದ್ರ ಒಡೆಯರ್! ಹಾಡುಗಳು ತಮ್ಮ ರೆಕಾರ್ಡು ಸಂಗ್ರಹಕ್ಕೆ ಸೇರಬೇಕೆಂಬುದು ಅವರ ಆಸೆ. ಆ ಹೊತ್ತಿಗೆ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. ಕಛೇರಿಗೆ ಹೋಗಲು ಮಾತ್ರ ಅವರಿಗೆ ಸಾಧ್ಯವಾಗಲಿಲ್ಲ. ಸಾವಿರಾರು ಮೈಲಿ ದೂರದ ಮೈಸೂರಿನಲ್ಲೇ ಇದ್ದರು.

1919ರ ಜುಲೈ 18ರಂದು ಹುಟ್ಟಿದ ಜಯಚಾಮರಾಜೇಂದ್ರರು ಎಳೆಯ ವಯಸ್ಸಿನಲ್ಲಿ ಪಿಯಾನೋ ವಾದಕರಾಗುವ ಕನಸು ಕಂಡಿದ್ದರು. 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಇಬ್ಬರೂ ತೀರಿಕೊಂಡಾಗ ಇಪ್ಪತ್ತೊಂದರ ತರುಣನ ಹೆಗಲಿಗೆ ರಾಜ್ಯ ಬಂತು, ಕನಸು ಅಲ್ಲಿಗೆ ನಿಂತಿತು. ವೇದಿಕೆ ತಪ್ಪಿದರೂ ಕಿವಿ ಉಳಿದಿತ್ತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ್ದ ವಾಲ್ಟರ್ ಲೆಗ್, ಮಹಾರಾಜರ ಆಹ್ವಾನದ ಮೇಲೆ 1949ರಲ್ಲಿ ಮೈಸೂರಿಗೇ ಬಂದರು. ಮೂರು ವರ್ಷ, ವರ್ಷಕ್ಕೆ 10,000 ಪೌಂಡುಗಳ ನೆರವಿನ ಮಾತಾಯಿತು. ಜನಪ್ರಿಯವಲ್ಲದ, ರೆಕಾರ್ಡು ಕಂಪನಿಗಳು ಮುಟ್ಟಲು ಹಿಂಜರಿಯುತ್ತಿದ್ದ ಕೃತಿಗಳು ರೆಕಾರ್ಡಾಗಬೇಕೆಂಬುದು ರಾಜರ ಹಂಬಲ. ಆಗಿನ್ನೂ ಲೋಕವಿಖ್ಯಾತರಾಗಿರದ ಕರಾಯಾನ್ ನಿರ್ದೇಶನದಲ್ಲಿ ಬಾಲಕಿರೆವ್‌ನ ಮೊದಲ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿ ಹೀಗೆ ಹೊರಬಂದವು.

ಇವೆಲ್ಲಕ್ಕಿಂತ ನನ್ನ ಮನಸ್ಸು ತಟ್ಟುವುದು ನಿಕೊಲಾಯ್ ಮೆಟ್ನರ್ ಕತೆ. ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತ ವಲಸೆಗಾರ ಸಂಗೀತಕಾರ. ನಮ್ಮ ಬೆವರ್ಲಿ ಹಿಲ್ಸ್‌ನಲ್ಲಿ 1943ರಲ್ಲಿ ಕೊನೆಯುಸಿರೆಳೆದ ರಾಖ್ಮಾನಿನೋವ್ ಅವರ ಆಪ್ತಮಿತ್ರ. ಆತನಿಗೆ ಅಮೆರಿಕದಲ್ಲಿ ಕೀರ್ತಿ, ಹಣ ಎರಡೂ ಬಂತು. ಮೆಟ್ನರ್‌ಗೆ ಪಾಠ ಹೇಳಿ ಬದುಕುವ ಗತಿ, ಜೊತೆಗೆ ಹೃದಯದ ಕಾಯಿಲೆ. ಅವರ ಸಂಗೀತ ಹಳೆಯ ಕಾಲದ್ದು ಎಂದು ಲೋಕ ಬದಿಗಿಟ್ಟಿತ್ತು. ಆಗ ಮೈಸೂರಿನಿಂದ ನೆರವು ಬಂತು. 1947ರಿಂದ ಮೆಟ್ನರ್ ತಮ್ಮದೇ ಮೂರೂ ಪಿಯಾನೋ ಕನ್ಸರ್ಟೋಗಳನ್ನು, ಸೊನಾಟಾಗಳನ್ನು, ಹಾಡುಗಳನ್ನು ಸ್ವತಃ ನುಡಿಸಿ ರೆಕಾರ್ಡು ಮಾಡಿದರು. ಹಾಡುಗಳಿಗೆ ದನಿಯಾದವರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ದೊಡ್ಡ ಗಾಯಕಿಯೂ ಒಬ್ಬರು. ಕೃತಜ್ಞತೆಯಿಂದ ಮೂರನೆಯ ಕನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಬೆರಳುಗಳಲ್ಲಿ ಆ ಕನ್ಸರ್ಟೋಗಳು ಹೇಗಿದ್ದವೆಂದು ನಾವು ಇಂದು ಕೇಳಬಹುದಾಗಿರುವುದು ಮೈಸೂರಿನ ಒಬ್ಬ ಅಭಿಮಾನಿಯಿಂದ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. 1947ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇದೇ ಮೈಸೂರಿನಲ್ಲಿ ಜನ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಆ ದಿನಗಳಲ್ಲಿ ಲಂಡನ್ನಿನ ವಾದ್ಯವೃಂದಕ್ಕೆ ಮೈಸೂರಿನ ಹಣವೇ? ರಾಜರ ಅಭಿರುಚಿ ಎಂದ ಮಾತ್ರಕ್ಕೆ ಈ ಪ್ರಶ್ನೆ ಇಲ್ಲವಾಗುವುದಿಲ್ಲ. ಎಲ್ಲ ಅಭಿಮಾನಿಗಳೂ ತಮ್ಮ ಶಕ್ತಿಯಂತೆ ಖರ್ಚು ಮಾಡುತ್ತಾರೆ. ರಾಜನ ಶಕ್ತಿ ಪ್ರಜೆಗಳ ಬೆವರಿನಿಂದ ಬಂದದ್ದು ಎಂಬುದನ್ನು ಮರೆಯಬಾರದು. ಇಷ್ಟು ಹೇಳಿ, ಆ ಹಣದಿಂದ ಉಳಿದದ್ದು ಏನು ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು.

ಹಾಗಾದರೆ ‘ನಮ್ಮ’ ಸಂಗೀತ?

ಈಗ ಅಪ್ಪನ ಎರಡನೆಯ ಆಕ್ಷೇಪಣೆ. ಇಷ್ಟೆಲ್ಲ ಪಾಶ್ಚಾತ್ಯ ಸಂಗೀತ ಹಚ್ಚಿಕೊಂಡ ರಾಜರಿಗೆ ನಮ್ಮ ಸಂಗೀತ ತಪ್ಪಿಹೋಯಿತೇ? ಇಲ್ಲ. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ, ಕರ್ನಾಟಕ ಸಂಗೀತವನ್ನು ಮೈಸೂರು ವಾಸುದೇವಾಚಾರ್ಯರಲ್ಲಿ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಅಠಾಣ ರಾಗದ ‘ಶ್ರೀ ಮಹಾಗಣಪತಿಂ’ ನಮ್ಮ ಗಣೇಶೋತ್ಸವಗಳಲ್ಲಿ ಮಕ್ಕಳು ಹಾಡುವುದನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಹಾಡುವ ಮಗುವಿಗೂ, ಕೇಳುವ ನಮಗೂ ಆ ಕೃತಿಕಾರನೇ ಮೆಟ್ನರ್‌ನ ಅಭಿಮಾನಿ ಎಂಬುದು ಹೊಳೆಯುವುದಿಲ್ಲ, ಅಷ್ಟೇ.

ಒಡೆಯರಿಗೆ ಇದು ಎರಡು ದೋಣಿಯ ಪ್ರಯಾಣವಾಗಿರಲಿಲ್ಲ. ಮೈಸೂರಿನ ಹವೆಯೇ ಹಾಗಿತ್ತು. ನಾಲ್ವಡಿಯವರ ಕಾಲದ ಅರಮನೆ ವಾದ್ಯವೃಂದವನ್ನು ಆಟೋ ಶ್ಮಿಟ್ ಎಂಬ ಜರ್ಮನ್ ನಡೆಸುತ್ತಿದ್ದ. ಇನ್ನೊಂದು ಕಡೆ ಕರ್ನಾಟಕ ಸಂಗೀತದ ಬ್ಯಾಂಡೂ ಇತ್ತು. ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ತಂತಿ ಹೆಚ್ಚಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಏಕೆ? ಮೈಕಿಲ್ಲದ ಕಾಲದಲ್ಲಿ ನಾದ ಕೊನೆಯ ಸಾಲಿಗೂ ಕೇಳಿಸಲಿ ಎಂದು. ದನಿ ದೊಡ್ಡದಾಗಬೇಕು ಎಂಬ ಹಸಿವು ಬರ್ಮಿಂಗ್‌ಹ್ಯಾಮಿನವರದ್ದು ಮಾತ್ರವಲ್ಲ, ಸ್ವಾಮಿ! ಅದಕ್ಕೂ ಆಗ ಟೀಕೆ ಬಂತು. ಇಂದು ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಅವರ ಹೆಸರಿನಲ್ಲಿದೆ.

ಬಂಟ್ವಾಳದ ಕಡೆಯ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಗಮಕಗಳು ಅದರಲ್ಲಿ ಹೊರಡುವುದಿಲ್ಲ ಎಂದರು ತಿಳಿದವರು. ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು ಕದ್ರಿ. 1994ರಲ್ಲಿ ಬಿ.ಬಿ.ಸಿ. ಪ್ರಾಮ್ಸ್‌ಗೆ ಆಹ್ವಾನ ಬಂದು ಲಂಡನ್ನಿನಲ್ಲಿ ನುಡಿಸಿದರು. ಯಾವ ಸಭಾಂಗಣದಲ್ಲಿ? ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಮೈಸೂರಿನ ಹಣದಿಂದ ಫ್ಲಾಗ್‌ಸ್ಟಾಡ್ ಹಾಡಿದ ಜಾಗಕ್ಕೆ, ನಲವತ್ತನಾಲ್ಕು ವರ್ಷಗಳ ಮೇಲೆ, ಮೈಸೂರಿನ ಬ್ಯಾಂಡು ಕೇಳಿ ಬೆಳೆದ ಸ್ಯಾಕ್ಸೊಫೋನ್ ಬಂದಿತ್ತು.

ಅರಮನೆ ಮೈದಾನ

ಮೈಸೂರು ಅರಸು ಮನೆತನದ ಬೆಂಗಳೂರು ಅರಮನೆಯ ಸುತ್ತಲಿನ ಮೈದಾನ ನಿಮಗೆ ಗೊತ್ತು. ಮದುವೆ, ವಸ್ತುಪ್ರದರ್ಶನ, ರಾಜಕೀಯ ಸಭೆ ಎಲ್ಲಕ್ಕೂ ಅದೇ. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ‘ಐರನ್ ಮೇಡನ್’ ಅಲ್ಲಿ ನುಡಿಸಿತು. 2011ರ ಅಕ್ಟೋಬರ್ 30ರಂದು, ಇಲ್ಲೇ ಲಾಸ್ ಏಂಜಲಿಸ್‌ನಲ್ಲಿ 1981ರಲ್ಲಿ ಹುಟ್ಟಿದ ‘ಮೆಟಾಲಿಕಾ’ ನುಡಿಸಿತು. ದೇಶದ ನಾನಾ ಮೂಲೆಗಳಿಂದ ರೈಲು, ಬಸ್ಸು ಹತ್ತಿ ಬಂದ ಹುಡುಗ ಹುಡುಗಿಯರು ಕಪ್ಪಂಗಿ ತೊಟ್ಟು, ಮಳೆ ಬಂದ ಕೆಸರಿನಲ್ಲಿ ನಿಂತು ಕೇಳಿದರು.

ಅವರ ಹಿಂದೆಯೂ ಒಂದು ಇತಿಹಾಸವಿತ್ತು. ತೊಂಬತ್ತರ ದಶಕದ ಆರಂಭದಲ್ಲೇ ಬೆಂಗಳೂರಿನಲ್ಲಿ ‘ಡೈಯಿಂಗ್ ಎಂಬ್ರೇಸ್’ನಂಥ ತಂಡ ಮಂದಗತಿಯ, ವಿಷಾದದ ಮೆಟಲ್ ನುಡಿಸುತ್ತಿತ್ತು. ಇಂಟರ್ನೆಟ್ ಇಲ್ಲದ ಕಾಲ. ಒಬ್ಬರ ಹತ್ತಿರ ಇದ್ದ ಕ್ಯಾಸೆಟ್ಟನ್ನು ಇನ್ನೊಬ್ಬರು ನಕಲು ಮಾಡಿಕೊಂಡು, ಹೊದಿಕೆಯ ಚಿತ್ರವನ್ನು ಜೆರಾಕ್ಸ್ ಮಾಡಿಸಿಕೊಂಡು ಹಂಚಿಕೊಂಡರು. 1998ರಲ್ಲಿ ಹುಟ್ಟಿದ ಬೆಂಗಳೂರಿನ ‘ಕ್ರಿಪ್ಟೋಸ್’ 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯ ಮಹಾ ಮೆಟಲ್ ಜಾತ್ರೆಯಲ್ಲಿ ನುಡಿಸಿತು. ಅದೇ ವರ್ಷ ಅದೇ ಜಾತ್ರೆಯಲ್ಲಿ ನೈಟ್‌ವಿಶ್ ಕೂಡ ಇತ್ತು. ಆದರೆ ಗಾಯಕಿ ತಾರ್ಯಾ ಅಲ್ಲ.

ಅದೂ ಒಂದು ಕತೆ. 2005ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ದೊಡ್ಡ ಕಛೇರಿ ಮುಗಿದೊಡನೆ ತಂಡದವರು ತಾರ್ಯಾ ಕೈಗೆ ಒಂದು ಪತ್ರ ಕೊಟ್ಟು ಹೊರಹಾಕಿದರು, ಪತ್ರವನ್ನು ಲೋಕಕ್ಕೂ ಪ್ರಕಟಿಸಿದರು. ಅನೇಕ ಅಭಿಮಾನಿಗಳಿಗೆ ಅದು ಸಾವಿನ ಮನೆಯಾಯಿತು. ನಂತರ ಬಂದ ಸ್ವೀಡನ್ನಿನ ಆನೆಟ್ ಓಲ್ಸನ್ ಎಷ್ಟು ಹಾಡಿದರೂ ‘ತಾರ್ಯಾ ಇಲ್ಲದ ನೈಟ್‌ವಿಶ್ ನೈಟ್‌ವಿಶ್ಶೇ ಅಲ್ಲ’ ಎಂಬ ಮಾತು ನಿಲ್ಲಲಿಲ್ಲ. 2012ರ ಅಮೆರಿಕ ಪ್ರವಾಸದ ನಡುವೆ ಅವರೂ ಬಿಟ್ಟರು. ಹಾಲೆಂಡಿನ ಫ್ಲೋರ್ ಯಾನ್ಸೆನ್ ತರಾತುರಿಯಲ್ಲಿ ವಿಮಾನ ಹತ್ತಿ ಬಂದು, ದಾರಿಯಲ್ಲೇ ಹಾಡುಗಳನ್ನು ಕಲಿತು, ಸಿಯಾಟಲ್‌ನಲ್ಲಿ ವೇದಿಕೆ ಹತ್ತಿದರು. ನೋಡಿ, ಮಡಿವಂತಿಕೆ ಎಂಬುದು ಸಂಗೀತದ ಸಭೆಗಳ ಮುಂದಿನ ಸಾಲಿನಲ್ಲಿ ಕೂತವರ ಸ್ವತ್ತಲ್ಲ. ಕಪ್ಪಂಗಿ ತೊಟ್ಟವರಲ್ಲೂ ಅದು ಧಾರಾಳವಾಗಿದೆ! ಬಾನಿ, ಘರಾಣೆಗಳ ಜಗಳ ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ವಿಷಯವಲ್ಲ.

ಲೆಕ್ಕ

ಹಾಗಾದರೆ ಎಲ್ಲವನ್ನೂ ಕೇಳುವವರಿಗೆ ಯಾವುದೂ ದಕ್ಕುವುದಿಲ್ಲ ಎಂಬ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಇಂದು ಫೋನಿನಲ್ಲಿ ಕೋಟಿ ಹಾಡುಗಳಿವೆ, ಬೆರಳಾಡಿಸಿ ಹತ್ತು ಸೆಕೆಂಡು ಕೇಳಿ ಮುಂದೆ ಹೋಗುವುದು ಸುಲಭ. ಅದು ರುಚಿ ನೋಡುವುದೂ ಅಲ್ಲ, ತಟ್ಟೆ ಬದಲಿಸುವುದು. ಆದರೆ ಮೇಲಿನ ಕತೆಗಳಲ್ಲಿ ಯಾರೂ ಹಾಗೆ ಮಾಡಲಿಲ್ಲ. ಒಂದು ರೆಕಾರ್ಡು ಅಯೋಮಿಗೆ ಮತ್ತೆ ಗಿಟಾರು ಹಿಡಿಸಿತು. ಸಿಮೋನ್‌ಗೆ ಒಂದು ಆಲ್ಬಮ್, ಕದ್ರಿಯವರಿಗೆ ಒಂದು ವಾದ್ಯ ಸಾಕಾಯಿತು. ಒಂದನ್ನು ಮನಸಾರೆ ಹಚ್ಚಿಕೊಂಡರು, ಅದಕ್ಕಾಗಿ ಕಷ್ಟಪಟ್ಟರು, ಆ ಕಷ್ಟವೇ ಅವರನ್ನು ಮತ್ತೊಂದು ಸಂಗೀತದ ಬಾಗಿಲಿಗೆ ತಂದು ನಿಲ್ಲಿಸಿತು. ಒಡೆಯರದ್ದೂ ಹಾಗೆಯೇ. ಪಿಯಾನೋದಲ್ಲಿ ಕಲಿತ ಶ್ರದ್ಧೆ ವೀಣೆಗೆ ಅಡ್ಡ ಬರಲಿಲ್ಲ. ಹಲವು ರುಚಿಯ ಬೇರು ಇರುವುದು ಇಂಥ ಒಂದು ಗಾಢವಾದ ಹುಚ್ಚಿನಲ್ಲಿ.

ಆದ್ದರಿಂದ ಹಿಂದಿನ ಸೀಟಿನ ಮಗುವಿಗೆ ಕೇಳಬೇಕಾದ ಪ್ರಶ್ನೆ ‘ಇದೂ ಒಂದು ಸಂಗೀತವೇ’ ಎಂಬುದಲ್ಲ. ‘ಇದರಲ್ಲಿ ನಿನಗೆ ಎಲ್ಲಿ ಮೈ ಜುಮ್ಮೆನ್ನುತ್ತದೆ, ಆ ಜಾಗ ನನಗೂ ಕೇಳಿಸು’ ಎಂದು ಕೇಳಿ. ಇಯರ್‌ಫೋನ್ ಹೊರಗೆ ಬರುವ ಸಾಧ್ಯತೆ ಹೆಚ್ಚು. ಉತ್ತರ ಹೇಳಲು ಬರದಿದ್ದರೆ ಆ ಹುಚ್ಚು ಇನ್ನೂ ಎಳೆಯದು ಎಂದು ತಿಳಿದು ಸುಮ್ಮನಿರಿ. ಹೇಳಲು ಬಂದರೆ, ಆ ಕಿವಿಗೆ ಕಲ್ಯಾಣಿಯನ್ನೂ ಕೇಳಿಸಬಹುದು, ಕೇಳಿಸಿಕೊಂಡೀತು.

ಮುಂದಿನ ತಿಂಗಳ ಕೂಟಕ್ಕೆ ನನ್ನದೊಂದು ಸಲಹೆ. ಒಂದು ಸಂಜೆ ಮೂರು ರೆಕಾರ್ಡುಗಳನ್ನು ಒಟ್ಟಿಗೆ ಕೂತು ಕೇಳೋಣ: ಮೆಟ್ನರ್ ಸ್ವತಃ ನುಡಿಸಿದ ಮೂರನೆಯ ಕನ್ಸರ್ಟೋ, ಒಡೆಯರ ಒಂದು ಕೃತಿ, ಮತ್ತು ನಮ್ಮ ಮಕ್ಕಳು ಆರಿಸಿದ ಒಬ್ಬ ಗಾಥಿಕ್ ಮೆಟಲ್ ಗಾಯಕಿಯ ಹಾಡು. ಮೂರನೆಯದನ್ನು ಪರಿಚಯಿಸುವ ಜವಾಬ್ದಾರಿ ಮಕ್ಕಳದೇ, ಕನ್ನಡದಲ್ಲೇ! ದೊಡ್ಡವರು ನಡುವೆ ಬಾಯಿ ಹಾಕುವಂತಿಲ್ಲ. ಯಾರ ಮನೆಯಲ್ಲಿ ಒಳ್ಳೆಯ ಸ್ಪೀಕರುಗಳಿವೆಯೋ ಅವರು ದಯವಿಟ್ಟು ಬರೆದು ತಿಳಿಸಿ. ನೆರೆಹೊರೆಯವರು ಸ್ವಲ್ಪ ಸಹನೆಯುಳ್ಳವರಾಗಿದ್ದರೆ ಇನ್ನೂ ಒಳ್ಳೆಯದು.